ಆಯಿಲ್ ಹಾಕಿಸಿದ್ದೀವಿ ಅಂದ್ರೆ ಆಯಿಲ್ ಇದೆ ಅಂತಲ್ಲ

ತುಂಬಾ ದಿನ ಆಯ್ತು ಇಲ್ಲಿ ಬರೆದು. ಪ್ರಾಜೆಕ್ಟು, ರಿಲೀಸು, ಅದೇ ಹಳೇ ನೆಪ. ಈ ಸಲ ಬರೆಸಿದ್ದು ಅಪ್ಪನ ಹಳೇ ಸ್ಪ್ಲೆಂಡರ್.

ನಮ್ಮದು ಕಲಬುರಗಿ. ಕಮಲಾಪುರದ ಹತ್ತಿರ ಒಂದಿಷ್ಟು ಹೊಲ ಇದೆ (ಹೌದು, ಕೆಂಪು ಬಾಳೆಹಣ್ಣಿನ ಕಮಲಾಪುರವೇ. ನಮ್ಮ ಹೊಲದಲ್ಲಿ ಮಾತ್ರ ತೊಗರಿ). ಅಪ್ಪ ವಾರಕ್ಕೆರಡು ಸಲ ಹುಮನಾಬಾದ್ ರಸ್ತೆ ಹಿಡಿದು ಗಾಡಿಯಲ್ಲೇ ಹೋಗಿಬರುತ್ತಾರೆ. ಕಳೆದ ಮೇ ತಿಂಗಳು, 40 ಡಿಗ್ರಿ ದಾಟಿದ ಮಧ್ಯಾಹ್ನ, ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ರಸ್ತೆ ಮೇಲೆ ಜಾರತೊಡಗಿತಂತೆ. ತಕ್ಷಣ ಕ್ಲಚ್ ಹಿಡಿದಿದ್ದಕ್ಕೆ ಬಚಾವಾದರು. ಹಿಂದೆ ಲಾರಿ ಇದ್ದಿದ್ದರೆ? ಬೆಂಗಳೂರಲ್ಲಿ ಫೋನ್ ಹಿಡಿದು ಕೂತ ನನಗೆ ಬಂದ ಮೊದಲ ಯೋಚನೆ ಅದೇ.

ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಸೂಪರ್ ಮಾರ್ಕೆಟ್ ಹತ್ತಿರದ ಗ್ಯಾರೇಜಿಗೆ ತಂದರು. ಮರುದಿನ ನಾನೂ ಹೋಗಿ ನಿಂತೆ. ಮೆಕ್ಯಾನಿಕ್ ಕೆಳಗಿನ ನಟ್ ಬಿಚ್ಚಿದ. ಬಂದಿದ್ದು ಒಂದು ಚಹಾ ಕಪ್ಪಿನಷ್ಟು.

"ಆಯಿಲೇ ಇಲ್ಲಲ್ರಿ ಕಾಕಾ!"

"ಎರಡು ತಿಂಗಳ ಹಿಂದ ಹಾಕಸೀನಲ್ಲೋ ಮಾರಾಯ!"

ಇಬ್ಬರು ಹೇಳಿದ್ದೂ ನಿಜ. ಹಳೇ ಎಂಜಿನ್ನಲ್ಲಿ ಪಿಸ್ಟನ್ ರಿಂಗ್ ಸವೆದಿರುತ್ತೆ, ವಾಲ್ವ್ ಸೀಲ್ ಗಟ್ಟಿಯಾಗಿರುತ್ತೆ. ಆಯಿಲ್ ಸ್ವಲ್ಪ ಸ್ವಲ್ಪವಾಗಿ ಮೇಲೆ ಹೋಗಿ ಪೆಟ್ರೋಲ್ ಜೊತೆ ಸುಟ್ಟುಹೋಗುತ್ತೆ. ನೆಲದ ಮೇಲೆ ಒಂದು ಹನಿ ಕಾಣಲ್ಲ. ಅಪ್ಪನ ಗಾಡಿಯಲ್ಲಿ ಎಚ್ಚರಿಸೋಕೆ ಕೆಂಪು ದೀಪವೂ ಇಲ್ಲ. ಗಾಳಿಯಿಂದ ತಣಿಯುವ ಎಂಜಿನ್ ಅಂತೀವಿ, ಆದರೆ ಒಳಗಿನ ಪಿಸ್ಟನ್ನಿನ ಬಿಸಿ ಹೊರಗೆ ಹೊರುವುದರಲ್ಲಿ ಆಯಿಲ್ಲಿಗೂ ಪಾಲಿದೆ. ತುಂಬಿಸಿದರೂ ಒಂದು ಲೀಟರಿನ ಆಸುಪಾಸು ಹಿಡಿಯುವ ಎಂಜಿನ್ನಿದು. ಅದರಲ್ಲಿ ಅರ್ಧ ಹೋದರೆ ಉಳಿದಿದ್ದೇನು?

ನನ್ನ ತಕರಾರು ನಮ್ಮೆಲ್ಲರ ಮೇಲೂ. ನಮಗೆ ಆಯಿಲ್ ಬದಲಾಯಿಸೋದು ಗೊತ್ತು, ನೋಡೋದು ಗೊತ್ತಿಲ್ಲ. ನೋಡುವವರೂ ಬೆರಳಿಗೆ ಹಚ್ಚಿ ಬಣ್ಣ ನೋಡ್ತಾರೆ. ಕಪ್ಪಗಾದರೆ ಕೆಟ್ಟಿದೆ, ಕೆಂಪಗಿದ್ದರೆ ಚೆನ್ನಾಗಿದೆ! ಎಷ್ಟಿದೆ ಅಂತ ಬಣ್ಣ ಹೇಳಲ್ಲ ಸ್ವಾಮಿ. ನಾನೇ ನೋಡಿ, ಆಫೀಸಿನ ಸರ್ವರ್ ಮೆಮೊರಿ ದಿನಕ್ಕೆ ಹತ್ತು ಸಲ ನೋಡುವವನು, ಅಪ್ಪನ ಗಾಡಿಯ ಕಡ್ಡಿ ಒಮ್ಮೆಯೂ ಎತ್ತಿರಲಿಲ್ಲ. ಎಂಜಿನಿಯರ್ ಅಂತೆ :(

ಕೆಲಸ ಐದು ನಿಮಿಷದ್ದು. ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಮೂರ್ನಾಲ್ಕು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಡಿ. ಕಡ್ಡಿ ತೆಗೆದು ಬಟ್ಟೆಯಲ್ಲಿ ಒರೆಸಿ, ತಿರುಗಿಸದೆ ಹಾಗೇ ಇಳಿಸಿ ಎತ್ತಿ. ಎರಡು ಗೆರೆಗಳ ನಡುವೆ ಇರಬೇಕು. (ಕೆಲವು ಗಾಡಿಗಳಲ್ಲಿ ಕಡ್ಡಿ ಪೂರ್ತಿ ತಿರುಗಿಸಿ ನೋಡಬೇಕು, ಪಲ್ಸರ್ ತರಹದವಕ್ಕೆ ಗಾಜಿನ ಕಿಂಡಿ ಇರುತ್ತೆ. ಗಾಡಿ ಜೊತೆ ಕೊಟ್ಟ ಪುಸ್ತಕ ಓದಿ.) ಸೈಡ್ ಸ್ಟ್ಯಾಂಡಲ್ಲಿ ನೋಡಬೇಡಿ. ಗಾಡಿ ಎಡಕ್ಕೆ ವಾಲುತ್ತೆ, ಸ್ಪ್ಲೆಂಡರ್ ಕಡ್ಡಿ ಇರೋದು ಬಲಕ್ಕೆ. ಕಮ್ಮಿ ತೋರಿಸುತ್ತೆ, ನೀವು ಇನ್ನಷ್ಟು ಸುರೀತೀರಿ. ಹೆಚ್ಚಾದರೂ ತೊಂದರೆಯೇ, ಎಂಜಿನ್ ಭಾರವಾಗುತ್ತೆ, ಆಯಿಲ್ ಏರ್ ಫಿಲ್ಟರಿಗೆ ನುಗ್ಗುತ್ತೆ. ಮನೆಯಲ್ಲಿ ಉಳಿದ ಕಾರಿನ ಆಯಿಲ್ ಅಂತೂ ಹಾಕಲೇಬೇಡಿ. ಬೈಕಿನ ಕ್ಲಚ್ ಅದೇ ಆಯಿಲ್ಲಲ್ಲಿ ಮುಳುಗಿರುತ್ತೆ, ಜಾರೋಕೆ ಶುರುವಾಗಬಹುದು. ಡಬ್ಬಿ ಮೇಲೆ ಜೆಎಎಸ್‌ಒ ಎಂಎ ಅಂತ ಇದೆಯಾ ನೋಡಿ.

ಬೋರು, ಪಿಸ್ಟನ್ನು ಎರಡೂ ಹೊಸದಾಗಿವೆ. ಈಗ ಭಾನುವಾರ ಫೋನ್ ಮಾಡಿದರೆ ಅಪ್ಪನೇ ಮೊದಲು ಹೇಳ್ತಾರೆ, "ಎರಡೂ ಗೆರಿ ನಡುವ ಅದ." "ಒರೆಸಿ ನೋಡಿದ್ರಾ?" ಅಂದರೆ ಮಾತ್ರ ಫೋನ್ ಅಮ್ಮನ ಕೈಗೆ ಹೋಗುತ್ತೆ :)