ಕಾಯುವುದಕ್ಕೆ ಹೋಗೋಣ, ಕಾದಾಡುವುದಕ್ಕಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಜನರಲ್ ಕೆ.ಎಸ್. ತಿಮ್ಮಯ್ಯ ಎಂದರೆ ಒಂದು ಅಂಕದ ಉತ್ತರ. ಅದರ ಹಿಂದೆ ದೇಶದ ದೊಡ್ಡ ತೀರ್ಮಾನವೊಂದಿದೆ.

1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭಾರತ ಗಣರಾಜ್ಯವಾಗಿ ಆರು ತಿಂಗಳೂ ಆಗಿರಲಿಲ್ಲ. ವಿಶ್ವಸಂಸ್ಥೆ ನೆರವು ಕೇಳಿತು. ನಾವು ಹೋರಾಡುವ ಪಡೆ ಕಳುಹಿಸದೆ, ಸೇನೆಯ ವೈದ್ಯಕೀಯ ತುಕಡಿಯನ್ನು ಕಳುಹಿಸಿದೆವು. 1953ರಲ್ಲಿ ಕದನವಿರಾಮವಾದಾಗ, ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಕಾಯುವ ಹೊಣೆ ನಮ್ಮ ಪಡೆಗೇ ಬಂತು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ತಿಮ್ಮಯ್ಯ. ಎರಡೂ ಬಣಗಳ ಟೀಕೆಗೆ ಗುರಿಯಾದರೂ, ಕೈದಿಗಳನ್ನು ಬಲವಂತವಾಗಿ ಊರಿಗೆ ಅಟ್ಟಲು ಅವರು ಒಪ್ಪಲಿಲ್ಲ.

‘ನಮ್ಮಲ್ಲೇ ನೂರು ಸಮಸ್ಯೆ ಇರುವಾಗ, ಯಾರದೋ ಜಗಳದಲ್ಲಿ ನಮ್ಮ ಹುಡುಗರು ಯಾಕೆ ಸಾಯಬೇಕು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ 170ಕ್ಕೂ ಹೆಚ್ಚು ಭಾರತೀಯರು ಪ್ರಾಣ ಕೊಟ್ಟಿದ್ದಾರೆ. ತಿಮ್ಮಯ್ಯ ಅವರೂ 1965ರಲ್ಲಿ, ಸೈಪ್ರಸ್‌ನ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು.

ಆದರೂ ಹೋಗಬೇಕು ಎನ್ನುತ್ತೇನೆ. ಷರತ್ತು ಒಂದೇ: ಯಾರ ಪಕ್ಷವನ್ನೂ ವಹಿಸಬಾರದು. 1987ರಲ್ಲಿ ಶ್ರೀಲಂಕಾಕ್ಕೆ ಹೋದ ನಮ್ಮ ‘ಶಾಂತಿಪಾಲನಾ ಪಡೆ’ ವಿಶ್ವಸಂಸ್ಥೆಯದ್ದಾಗಿರಲಿಲ್ಲ. ಕಾಯಲು ಹೋದವರು ಕಾದಾಡಬೇಕಾಯಿತು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡೆವು. ಅದೇ 2007ರಲ್ಲಿ ಲೈಬೀರಿಯಾಕ್ಕೆ ಹೋದ ನಮ್ಮ ಮಹಿಳಾ ಪೊಲೀಸ್ ತುಕಡಿ, ಅಲ್ಲಿನ ಹೆಣ್ಣುಮಕ್ಕಳಿಗೂ ಪೊಲೀಸ್ ಸೇರುವ ಧೈರ್ಯ ತುಂಬಿತು.

ಸೇನೆ, ಪೊಲೀಸ್ ನೇಮಕಾತಿಗೆಂದು ಬೆಳಗಿನ ಜಾವ ಓಡುವ ಗೆಳೆಯ ಗೆಳತಿಯರೇ, ನಾಳೆ ನೀಲಿ ಟೋಪಿ ನಿಮ್ಮ ತಲೆಗೂ ಬರಬಹುದು. ಹೋಗುವ ಮೊದಲು, ಯಾರನ್ನು ಕಾಯಲು ಕಳುಹಿಸುತ್ತಿದ್ದೀರಿ ಎಂದು ಸರ್ಕಾರವನ್ನು ಕೇಳುವ ಹಕ್ಕು ನಮ್ಮೆಲ್ಲರದು.

– ಓದುಗ, ಬಾಪೂಜಿ ನಗರ, ಬೆಂಗಳೂರು