ಹಿತ್ತಲ ಮಡಿಗೆ ಯಾವ ಅಂಚು?

ಕಾಯಿಪಲ್ಲೆಯ ಮಡಿಯ ಸುತ್ತ ಕಲ್ಲಿಡಬೇಕೋ, ಇಟ್ಟಂಗಿ ಇಡಬೇಕೋ, ಕಟ್ಟಿಗೆ ನಿಲ್ಲಿಸಬೇಕೋ ಎಂಬುದೂ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕ ವಿಷಯವೇ ಎಂದು ಕೆಲವು ಮಿತ್ರರು ನಕ್ಕಾರು. ನಗಲಿ. ನಮ್ಮ ಕಡೆಯಲ್ಲಿ ಮೆಂತೆ, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲುಗಳನ್ನು ರೊಟ್ಟಿಯ ಜೊತೆಗೆ ಹಸಿಯಾಗಿಯೇ ಕಚ್ಚಿ ತಿನ್ನುವುದು ವಾಡಿಕೆ. ಬೇರಿನ ಮಣ್ಣನ್ನು ಕೊಡವಿ, ಒಂದು ತಂಬಿಗೆ ನೀರಿನಲ್ಲಿ ತೊಳೆದರೆ ಮುಗಿಯಿತು, ಅದು ತಾಟಿಗೆ ಬಂತು. ಹೀಗಿರುವಾಗ ಆ ಮಣ್ಣಿಗೆ ಏನನ್ನು ತಾಗಿಸಿ ಇಡುತ್ತೇವೆ ಎಂಬುದು ಊಟದ ವಿಚಾರವೇ ಹೊರತು ಬರಿಯ ಅಲಂಕಾರದ ವಿಚಾರವಲ್ಲ.

ಮೊದಲು, ಮಡಿಯನ್ನು ಎತ್ತರಿಸುವುದಾದರೂ ಯಾತಕ್ಕೆ? ರೋಣ, ನರಗುಂದಗಳ ಸೀಮೆ ಎರೆಭೂಮಿಗೆ ಹೆಸರಾದದ್ದು. ಮುಶಿಗೇರಿಯ ನಮ್ಮ ಹಿತ್ತಲೂ ಅದೇ ಮಣ್ಣಿನದು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಹಿಂಗಾರಿಯ ಮಳೆ ನಾಲ್ಕು ದಿನ ಹಿಡಿದರೆ ಸಾಕು, ನೀರು ಇಂಗದೆ ನಿಂತು ಎಳೆಯ ಸಸಿಗಳ ಬೇರು ಕೊಳೆಯುತ್ತದೆ. ಅರ್ಧ ಅಡಿಯಿಂದ ಮುಕ್ಕಾಲು ಅಡಿಯವರೆಗೆ ಎತ್ತರಿಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅದಕ್ಕೂ ಹೆಚ್ಚು ಎತ್ತರಿಸುವುದು ನಮ್ಮ ಸೀಮೆಗೆ ಸಲ್ಲದೆಂದು ನನ್ನ ಅಭಿಪ್ರಾಯ. ಮಳೆ ಹೆಚ್ಚಾಗಿರುವ ತಂಪು ದೇಶಗಳ ಚಿತ್ರಗಳಲ್ಲಿ ಕಾಣುವ ಸೊಂಟದೆತ್ತರದ ಮಡಿ ನಮ್ಮ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಒಣಗಿ ಹೋಗುತ್ತದೆ. ಕೊಡ ಹೊರುವವರು ಯಾರೆಂಬುದನ್ನೂ ನೆನೆಯಬೇಕಲ್ಲ!

ಇನ್ನು ಅಂಚಿನ ಮಾತು. ಕೈಯಲ್ಲಿ ಹಣ ಇದ್ದವರಿಗೆ ಮೊದಲು ನೆನಪಾಗುವುದು ಇಟ್ಟಂಗಿ ಮತ್ತು ಸಿಮೆಂಟು. ಅದರಿಂದ ಪಲ್ಲೆಗೆ ಕೇಡಿಲ್ಲ, ಆದರೆ ಎರೆಮಣ್ಣು ಆ ಗೋಡೆಯನ್ನು ಬಾಳಗೊಡುವುದಿಲ್ಲ. ಆಳವಾದ ಬುನಾದಿಯಿಲ್ಲದ ತೆಳು ಗೋಡೆಯನ್ನು ಅದು ಮಳೆಗಾಲದಲ್ಲಿ ತಳ್ಳುತ್ತದೆ, ಬೇಸಿಗೆಯಲ್ಲಿ ಕೈಬಿಡುತ್ತದೆ. ನಮ್ಮ ಓಣಿಯಲ್ಲಿ ಹೀಗೆ ಕಟ್ಟಿದ ಒಂದು ಮಡಿ ಎರಡನೆಯ ವರುಷಕ್ಕೆ ಮೂಲೆಯಿಂದ ಮೂಲೆಗೆ ಸೀಳಿತು. ಕಟ್ಟಿಗೆಯದಾದರೆ ಗೆದ್ದಲಿನ ಪಾಲು. ಬೇವಿನದು, ಜಾಲಿಯ ಗಟ್ಟಿ ತಿರುಳಿನದು ಕೆಲಕಾಲ ತಡೆದೀತು. ಗೆದ್ದಲು ಮುಟ್ಟದಂತೆ ಔಷಧ ಕುಡಿಸಿದ ಕಟ್ಟಿಗೆ ತಂದರಾಯಿತು ಎನ್ನುವವರಿದ್ದಾರೆ. ಆ ಔಷಧಗಳಲ್ಲಿ ಬಹುಕಾಲ ಹೆಸರಾಗಿದ್ದದ್ದು ತಾಮ್ರ, ಕ್ರೋಮಿಯಂಗಳ ಜೊತೆಗೆ ಆರ್ಸೆನಿಕ್ ಸೇರಿದ ಮಿಶ್ರಣ. ಅಮೇರಿಕೆಯಲ್ಲಿ ೨೦೦೩ರ ಕೊನೆಗೆ ಮನೆಬಳಕೆಯ ಕಟ್ಟಿಗೆಗೆ ಅದನ್ನು ಹಾಕುವುದನ್ನು ಬಿಟ್ಟರು. ರೈಲ್ವೆಯ ಹಳೆಯ ಸ್ಲೀಪರುಗಳಿಗೆ ಕುಡಿಸಿದ ಕ್ರಿಯೋಸೋಟ್ ಎಂಬ ಕರಿಯ ಎಣ್ಣೆಯೂ ಪಲ್ಲೆಯ ನೆರೆಗೆ ಸಲ್ಲದು.

ಆದರೆ ನಮ್ಮ ಹಳ್ಳಿಗಳಲ್ಲಿ ನಿಜವಾದ ಅಪಾಯ ಇರುವುದು ಪುಕ್ಕಟೆ ಸಿಗುವ ವಸ್ತುಗಳಲ್ಲಿ. ಒಡೆದ ಸಿಮೆಂಟು ತಗಡುಗಳನ್ನು ನೆಲಕ್ಕೆ ನೆಟ್ಟು ಮಡಿ ಮಾಡಿದ್ದನ್ನು ನಾನು ಹಲವು ಕಡೆ ಕಂಡಿದ್ದೇನೆ. ಹಳೆಯ ತಗಡುಗಳಲ್ಲಿರುವ ನಾರು ಕಲ್ನಾರು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ ೨೦೦೫ರಿಂದ ಅದಕ್ಕೆ ನಿಷೇಧವಿದೆ, ನಮ್ಮಲ್ಲಿ ಅಂಥ ಪೂರ್ಣ ನಿಷೇಧವಿಲ್ಲ. ಬೇರು ಅದನ್ನು ಹೀರುತ್ತದೆಂದಲ್ಲ. ಒಡೆದ ಅಂಚಿನಿಂದ ಏಳುವ ಧೂಳು ಕಳೆ ಕೀಳುವವರ ಉಸಿರಿಗೆ ಹೋಗುತ್ತದೆ, ಕಳೆ ಕೀಳುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು.

ಇದಕ್ಕಿಂತಲೂ ಕೆಟ್ಟದ್ದು ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿ, ಡ್ರಮ್ಮುಗಳನ್ನು ಸೀಳಿ ಮಣ್ಣು ತುಂಬುವ ಪದ್ಧತಿ. ೧೯೭೧ರ ಕೀಟನಾಶಕ ನಿಯಮಗಳಲ್ಲಿ ೪೪ನೆಯದು ಸ್ಪಷ್ಟವಾಗಿದೆ: ಖಾಲಿ ಡಬ್ಬಿಗಳನ್ನು ಮತ್ತೆ ಬಳಸುವಂತೆ ಹೊರಗೆ ಬಿಡಕೂಡದು, ಒಡೆದು, ಜನವಸತಿಯಿಂದ ದೂರ ಹೂಳತಕ್ಕದ್ದು. ಕಾಸರಗೋಡಿನ ಗೇರುತೋಪುಗಳ ಮೇಲೆ ಸುರಿದ ಎಂಡೋಸಲ್ಫಾನು ಸುತ್ತಲಿನ ಮನೆಗಳಿಗೆ ತಂದ ಸಂಕಟವನ್ನು ಕಂಡಮೇಲೆ, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಬೇಕಾಯಿತೆಂಬುದನ್ನು ಅರಿತಮೇಲೆ, ಇಂಥ ಡಬ್ಬಿಯಲ್ಲಿ ಕೊತ್ತಂಬರಿ ಬಿತ್ತಲು ಕೈ ಹೇಗೆ ಬಂದೀತು?

ಟಾಯರುಗಳ ಬಗೆಗೆ ಇಷ್ಟು ಕಠೋರವಾಗಿ ಹೇಳಲಾರೆ. ಬಿಸಿಲಿಗೆ ಬಿರಿದು ಪುಡಿಯಾಗುವ ಟಾಯರಿನಿಂದ ಸತುವೂ ಎಣ್ಣೆಯ ಅಂಶಗಳೂ ಮಣ್ಣಿಗೆ ಇಳಿಯುತ್ತವೆ. ಹೂವಿನ ಗಿಡಕ್ಕೆ ಅಡ್ಡಿಯಿಲ್ಲ. ಬಣ್ಣ ಬಳಿದ ಟಾಯರುಗಳಲ್ಲಿ ಪಾಲಕ ಬೆಳೆದು ಶಾಲೆಯ ಮಕ್ಕಳಿಗೆ ಉಣಬಡಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಶಾಲೆಗಳಲ್ಲಿ ಪೌಷ್ಟಿಕ ತೋಟ ಮಾಡಿರೆಂದು ಕೇಂದ್ರ ಸರಕಾರ ೨೦೧೯ರಲ್ಲಿ ಮಾರ್ಗಸೂಚಿ ಹೊರಡಿಸಿತು. ವಿಚಾರ ಬಹಳ ಒಳ್ಳೆಯದು. ಪೋಷಣೆಯ ಹೆಸರಿನಲ್ಲಿ ಮಾಡಿದ ತೋಟಕ್ಕೆ ಗುಜರಿಯಿಂದ ಅಂಚು ತರುವುದೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಹಾಗಾದರೆ ಯಾವುದು? ಕಲ್ಲು. ಗಜೇಂದ್ರಗಡದ ಗುಡ್ಡವೆಲ್ಲ ಮರಳುಗಲ್ಲಿನದು, ಬಾದಾಮಿಯ ಗುಹೆಗಳನ್ನು ಕೊರೆದದ್ದೂ ಮರಳುಗಲ್ಲಿನಲ್ಲಿಯೇ. ಬಹುತೇಕ ಮರಳಿನ ಹರಳೇ ಆದ ಈ ಕಲ್ಲು ಮಣ್ಣಿಗೆ ಏನನ್ನೂ ಬಿಡುವುದಿಲ್ಲ. ಗೆದ್ದಲು ತಿನ್ನುವುದಿಲ್ಲ. ಸಿಮೆಂಟು ಹಾಕದೆ, ಒಂದು ಗೇಣು ನೆಲದೊಳಗೆ ಹೂತು, ತುಸು ಒಳಗೆ ವಾಲಿಸಿ ಜೋಡಿಸಿದರೆ ಎರೆ ಉಬ್ಬಿದಾಗ ಕಲ್ಲು ಸರಿಯುತ್ತದೆ, ಸೀಳುವುದಿಲ್ಲ. ಸರಿದ ಕಲ್ಲನ್ನು ಮತ್ತೆ ಕೂಡ್ರಿಸಲು ಗೌಂಡಿ ಬೇಕಿಲ್ಲ. ಗುಡ್ಡ ಒಡೆದು ತರಬೇಕೆಂದೂ ಇಲ್ಲ, ಬಿದ್ದ ಮನೆಯ ಕಲ್ಲು ಧಾರಾಳ ಸಾಕು. ಇಲ್ಲಿ ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಾತು: ಸೂಡಿಯಂಥ ಚಾಲುಕ್ಯರ ಊರು ಇರುವ ಸೀಮೆ ನಮ್ಮದು. ಅಕ್ಷರವಿದ್ದ ಕಲ್ಲು, ವೀರಗಲ್ಲು ಕಣ್ಣಿಗೆ ಬಿದ್ದರೆ ಅದನ್ನು ಮಡಿಗೆ ಎಳೆಯದೆ ನಮ್ಮ ಅಧ್ಯಾಪಕರಿಗೆ ತಿಳಿಸಿರಿ.

ಕಲ್ಲೂ ಸಿಗದವರು ಅಂಚನ್ನೇ ಬಿಟ್ಟುಬಿಡಲಿ. ಎರೆಗೆ ಮಸಾರಿ ಮಣ್ಣು, ಕಳಿತ ತಿಪ್ಪೆಗೊಬ್ಬರ ಬೆರೆಸಿ, ಎರಡೂ ಬದಿಯಿಂದ ಕೈ ಎಟಕುವಂತೆ ನಾಲ್ಕು ಅಡಿ ಅಗಲಕ್ಕೆ ಏರಿಸಿ, ಬದಿಗಳನ್ನು ಇಳಿಜಾರಾಗಿ ತಟ್ಟಿ, ಮೇಲೆ ಒಣಹುಲ್ಲು ಹೊದಿಸಿದರೆ ಅದೂ ಮಡಿಯೇ. ಮಳೆಗೆ ಸ್ವಲ್ಪ ಜರಿಯುತ್ತದೆ, ಸಲಿಕೆಯಿಂದ ಮತ್ತೆ ಎಳೆದುಕೊಳ್ಳಬೇಕು. ಅದಕ್ಕೆ ಖರ್ಚಿಲ್ಲ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಶಿಬಿರ ಯಾವ ಹಳ್ಳಿಗೇ ಹೋಗಲಿ, ಅಲ್ಲಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಹತ್ತಡಿ ಉದ್ದದ ಒಂದು ಕಲ್ಲಿನ ಮಡಿ ಹಾಕೋಣ. ನಾಲ್ವರಿಗೆ ಒಂದು ಮುಂಜಾನೆಯ ಕೆಲಸ. ಮೆಂತೆ ಬೀಜ ನಾನು ತರುತ್ತೇನೆ.