ದೊಡ್ಡಕ್ಷರದ ಮೋಹ

ಅಂತರ್ಜಾಲದಲ್ಲಿ ವ್ಯಾಪಾರ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳ ಸಂಖ್ಯೆ ಈಗ ಕಡಿಮೆಯೇನಲ್ಲ. ಅವರಲ್ಲಿ ಕೆಲವರು ಜನರ ಒಲವು ಎತ್ತ ಸಾಗಿದೆಯೆಂದು ತಿಳಿಯಲು ಇಂದಿಗೂ 'ಟ್ಯಾಗ್ ಕ್ಲೌಡ್' ನೋಡುತ್ತಾರೆ. ಪದಮೇಘವೆಂದು ಕರೆಯೋಣ. ಹೆಚ್ಚು ಬಳಕೆಯಾದ ಪದ ದಪ್ಪಕ್ಷರದಲ್ಲಿ, ಕಡಿಮೆ ಬಳಕೆಯಾದದ್ದು ಸಣ್ಣಕ್ಷರದಲ್ಲಿ ಕಾಣುವ ಚಿತ್ರವದು. ಇದನ್ನು ನಂಬಿ ಹಣ ಹೂಡುವುದರ ಬಗ್ಗೆ ನನ್ನ ತಕರಾರಿದೆ.

ಈ ಕಲ್ಪನೆ ಹುಟ್ಟಿದ್ದು ಮಾರುಕಟ್ಟೆಯಲ್ಲಲ್ಲ. 1976ರಲ್ಲಿ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಪ್ಯಾರಿಸ್ಸಿನ ಸ್ಥಳಗಳ ಹೆಸರುಗಳನ್ನು, ಎಷ್ಟು ಮಂದಿ ಹೇಳಿದರೋ ಅದಕ್ಕನುಗುಣವಾದ ಗಾತ್ರದಲ್ಲಿ ನಕ್ಷೆಯ ಮೇಲೆ ಮೂಡಿಸಿದ್ದರು. 2004ರಲ್ಲಿ ಆರಂಭವಾದ, ಛಾಯಾಚಿತ್ರಗಳ ತಾಣ ಫ್ಲಿಕರ್ ಪದಮೇಘವನ್ನು ಮನೆಮಾತಾಗಿಸಿತು. ಅಲ್ಲಿ ಮದುವೆ, ಪ್ರವಾಸ, ಜಪಾನ್, ಕಡಲತೀರ ಎಂಬರ್ಥದ ಇಂಗ್ಲಿಷ್ ಪದಗಳು ದಪ್ಪಗೆ ಕಾಣುತ್ತಿದ್ದವು. ಜನ ಮದುವೆಗೆ ಹೋಗುವಾಗ ಕ್ಯಾಮೆರಾ ಒಯ್ಯುತ್ತಾರೆ, ಅಷ್ಟೆ! ಅದು ಹೊಸ ಒಲವೇನೂ ಅಲ್ಲವಲ್ಲ. ಈವರೆಗೆ ಕೂಡಿಬಿದ್ದ ರಾಶಿಯನ್ನು ಮೇಘ ತೋರಿಸುತ್ತದೆ. ನಿನ್ನೆ ಮೊಳೆತದ್ದು ಅದರ ಅಂಚಿನಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣಗಿರುತ್ತದೆ.

ಗಣಿತದ ಮೇಷ್ಟ್ರಾದ್ದರಿಂದ ಇನ್ನೊಂದು ಮಾತು. ಹತ್ತು ಬಾರಿ ಬಂದ ಪದಕ್ಕೂ ಸಾವಿರ ಬಾರಿ ಬಂದ ಪದಕ್ಕೂ ನೂರು ಪಟ್ಟು ಅಂತರ. ಅಷ್ಟು ದೊಡ್ಡ ಅಕ್ಷರ ಪುಟದಲ್ಲಿ ಹಿಡಿಯದು. ಆದ್ದರಿಂದ ಅನೇಕ ಕಡೆ ಲಾಗರಿದಮ್ ಬಳಸುತ್ತಾರೆ. 10ರ ಲಾಗ್ 1, 1000ದ ಲಾಗ್ 3 ಎಂದು ಹತ್ತಿರದಲ್ಲಿ ಕುಳಿತವರಿಗೆಲ್ಲ ಬಾಯಿಪಾಠ ಮಾಡಿಸಿದ್ದೆನಷ್ಟೆ? ನೂರು ಪಟ್ಟಿನ ಅಂತರ ಕಣ್ಣಿಗೆ ಮೂರು ಪಟ್ಟಾಗಿ ಇಳಿಯುತ್ತದೆ. ಸಾಲದ್ದಕ್ಕೆ, ಉದ್ದದ ಪದ ಗಿಡ್ಡ ಪದಕ್ಕಿಂತ ಹೆಚ್ಚು ಜಾಗ ತಿಂದು ತನ್ನ ಯೋಗ್ಯತೆಗೆ ಮೀರಿ ಮೆರೆಯುತ್ತದೆ. 'ಕನ್ನಡ' ಎಂದು ನಮ್ಮ ಲಿಪಿಯಲ್ಲಿ ಬರೆದದ್ದೂ ಇಂಗ್ಲಿಷ್ ಲಿಪಿಯಲ್ಲಿ ಬರೆದದ್ದೂ ಯಂತ್ರಕ್ಕೆ ಎರಡು ಬೇರೆ ಪದಗಳು; ಹೀಗೆ ನಮ್ಮವರ ಎಣಿಕೆ ಒಡೆದು ಸಣ್ಣದಾಗುತ್ತದೆ.

ಸಾಗರದ ಕಡೆಯ ವಿದ್ಯಾರ್ಥಿಯೊಬ್ಬ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾನೆ. ಮೇಘದಲ್ಲಿ 'ಆರ್ಗ್ಯಾನಿಕ್' ಎಂಬುದು ದೊಡ್ಡದಾಗಿ ಕಂಡಿತೆಂದು ಜಾಹೀರಾತಿನಲ್ಲೆಲ್ಲ ಅದನ್ನೇ ತುಂಬಿಸಿದ. ಅದೇ ಮೇಘ ನೋಡಿದ ಸಾವಿರಾರು ವ್ಯಾಪಾರಿಗಳೂ ಅದನ್ನೇ ಮಾಡಿರುತ್ತಾರೆ. ಪದ ಇನ್ನಷ್ಟು ಊದಿಕೊಳ್ಳುತ್ತದೆ, ಕೊಳ್ಳುವವರು ಮಾತ್ರ ಹೆಚ್ಚುವುದಿಲ್ಲ. ಇವನ ಜಾಡಿಗಳು ಕಪಾಟಿನಲ್ಲೇ ಉಳಿದವು. ಮನೆಯ ಸಾಲದ ಕಂತು ಕಾಯುತ್ತದೆಯೇ?

ಮೇಘವನ್ನು ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಮೇಘವನ್ನು ದಿಟ್ಟಿಸುವ ಬದಲು ಮೂರು ತಿಂಗಳ ಅಂತರದ ಎರಡನ್ನು ಪಕ್ಕದಲ್ಲಿಟ್ಟು, ಯಾವ ಸಣ್ಣ ಪದ ತುಸು ಬೆಳೆದಿದೆಯೆಂದು ನೋಡುವುದು ಲೇಸು. ಕಾಲದೊಡನೆ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್ 2006ರಿಂದಲೇ ಇದೆ. ಅದಕ್ಕೆ ಕಾಸೂ ಇಲ್ಲ.

ಅವನಿಗೆ ಇನ್ನೊಂದು ಕೆಲಸವನ್ನೂ ಹೇಳಿದೆ: ಗಿರಾಕಿಗಳು ತನಗೆ ಬರೆದ ಸಂದೇಶಗಳ ಪದಗಳನ್ನೇ ಎಣಿಸುವುದು. ಒಂದು ವಾರದ ಬಳಿಕ ಫೋನು ಬಂತು. "ಮೇಷ್ಟ್ರೇ, ಆರ್ಗ್ಯಾನಿಕ್ ಅಂತ ಒಬ್ಬರೂ ಕೇಳಿಲ್ಲ. ಎಲ್ಲರೂ ಕೇಳಿರೋದು ಜೀರಿಗೆ ಪರಿಮಳದ ಮಿಡಿ ಇದೆಯಾ, ಉಪ್ಪು ಎಷ್ಟು, ಅಮೆರಿಕಕ್ಕೆ ಕಳಿಸ್ತೀರಾ ಅಂತ." ಈಗ ಜಾಡಿಯ ಚೀಟಿಯನ್ನು ಹೊಸದಾಗಿ ಅಚ್ಚು ಹಾಕಿಸುತ್ತಿದ್ದಾನೆ.